ಪಾರ್ವತಿಬಾಯಿಯ ಕರಿ ನಾಕು

ಕುರನೂರಿನ ಪಾರ್ವತಿಬಾಯಿ ಒಂದು ಪೇಟಿಯನ್ನು ಚಲೋ ಅದ ಎಂದರೆ ಅದು ಚಲೋ, ಇಲ್ಲವೆಂದರೆ ಇಲ್ಲ. ಅದರ ಮೇಲೆ ಮಾತಿಲ್ಲ. ಬೋರಿ ಹೊಳೆಯ ಆಚೆ ಈಚೆಯ ಊರುಗಳಲ್ಲಿ ಭಜನೆಗೆಂದು ಹಾರ್ಮೋನಿಯಂ ಪೇಟಿ ಕೊಳ್ಳುವವರು ಮೊದಲು ಅದನ್ನು ಟಮಟಮ್‌ನಲ್ಲಿ ಹೇರಿಕೊಂಡು ಬಂದು ಆಕೆಯ ಕಟ್ಟೆಯ ಮೇಲೆ ಇಡುತ್ತಿದ್ದರು. ಆಕೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಎಡಗಡೆಯ ಮೊದಲ ಮನೆಯಿಂದ ಬಲಗಡೆಯ ಕಡೆಯ ಮನೆಯವರೆಗೆ ಒಂದೊಂದನ್ನೇ ಒತ್ತುತ್ತಿದ್ದಳು. ಪೇಟಿಯ ಬಿಳಿ ಕರಿ ಪಟ್ಟಿಗಳಿಗೆ ಅಲ್ಲಿ ಮನೆ ಎನ್ನುವುದು. ಎಷ್ಟು ಮಂದಿ ಕಾಯುತ್ತಿದ್ದರೂ ಒಂದು ಮನೆಯನ್ನೂ ಹಾರಿಸುತ್ತಿರಲಿಲ್ಲ. "ಹನ್ನೊಂದನೇ ಮನಿ ಥೋಡೆ ಕೆಮ್ಮತದ" ಎಂದಳೆಂದರೆ, ಬಿಚ್ಚಿ ನೋಡಿದಾಗ ಹನ್ನೊಂದನೆಯದರಲ್ಲೇ ಧೂಳು ಸಿಗುತ್ತಿತ್ತು. ಸಾಲಿಯನ್ನು ಎರಡನೇ ಇಯತ್ತೆಗೇ ಬಿಟ್ಟವಳು. ತನ್ನ ಹೆಸರು ಬರೆಯಲು ಆಕೆಗೆ ಕಾಗದ ನೆಟ್ಟಗಿಟ್ಟುಕೊಂಡು ಒಂದು ಗಳಿಗೆ ಕೂರಬೇಕು. ಆದರೆ ಬಸ್ಸಿನ ಹಾರ್ನು ಯಾವ ಮನೆಯದು, ಮಠದ ಗಂಟೆ ಯಾವ ಮನೆಯದು ಎಂದು ಕೇಳಿದರೆ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಅಂಥವಳಿಗೆ ಹೋದ ಶ್ರಾವಣದಿಂದ ಒಂದು ಅಂಜಿಕೆ ಹೊಕ್ಕಿತ್ತು.

ಶ್ರಾವಣದ ಭಜನೆಗೆ ಮುಂಚೆ ಆಕೆ ಪ್ರತಿ ವರ್ಷದಂತೆ ಪೇಟಿಯನ್ನು ಪರೀಕ್ಷೆ ಮಾಡುತ್ತ ಕೂತಿದ್ದಳು. ಬಲಗಡೆಯ ಕಡೆಯ ಮೂರು ಮನೆಗಳು ಅರಿವೆ ಸುತ್ತಿಟ್ಟ ಹಾಗೆ ಮಂದವಾಗಿ ಕೇಳಿಸಿದವು. ಧೂಳಿರಬೇಕೆಂದು ಪೇಟಿ ಬಿಚ್ಚಿದಳು. ಒಂದೊಂದು ಮನೆಯ ಕೆಳಗೂ ಬೆರಳುದ್ದದ ಹಿತ್ತಾಳೆಯ ನಾಲಗೆ ಇರುತ್ತದೆ, ಗಾಳಿ ಅದನ್ನು ಅದುರಿಸಿದರೇ ಸ್ವರ. ಆ ಮೂರೂ ನಾಲಗೆಗಳನ್ನು ತೆಗೆದು, ಹಳೆಯ ಬ್ಲೇಡಿನ ಮೊಂಡು ಬದಿಯಿಂದ ಸವರಿ, ಊದಿ, ಮತ್ತೆ ಕೂರಿಸಿದಳು. ಒತ್ತಿದಳು. ಹಾಗೆಯೇ ಇದ್ದವು. ಮತ್ತೆ ಬಿಚ್ಚಿದಳು. ಆ ಹೊತ್ತಿಗೆ ಪಕ್ಕದ ಮನೆಯ ನಂದಾ ಹಾಲಿಗೆ ಹೆಪ್ಪು ಕೇಳಲು ಬಂದಳು. ಭಜನಾ ಮಂಡಳದಲ್ಲಿ ಮುಂದೆ ನಿಂತು ಹಾಡುವವಳು ಅವಳೇ. ಪಾರ್ವತಿಬಾಯಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ಇಪ್ಪತ್ತು ವರ್ಷ ದೊಡ್ಡದು.

"ಯಾಕಕ್ಕ, ಅದರ ಹೊಟ್ಟಿ ಕರುಳ ಎಲ್ಲಾ ಹೊರಗ ತಗದೀದಿ?"

"ಈ ಕಡೀ ಮೂರೂ ಮಂದ ನುಡ್ಯಾಕತ್ತಾವ."

ನಂದಾ ಬಗ್ಗಿ ತಾನೇ ಒಂದನ್ನು ಒತ್ತಿದಳು. "ಎಲ್ಲಿ ಮಂದ? ಮಣಿ ಉದುರಿದಂಗ ನುಡೀತದಲ್ಲ. ಸುಮ್ಮ ಕುಂದರಾಕ ಬರಂಗಿಲ್ಲ ನಿನಗ."

ಪಾರ್ವತಿಬಾಯಿ ಹೆಪ್ಪು ಕೊಟ್ಟು ಕಳಿಸಿದಳು. ಧೂಳು ಪೇಟಿಯಲ್ಲಿ ಇರಲಿಲ್ಲ.

ಅಂದಿನಿಂದ ಆಕೆ ತನ್ನನ್ನೇ ಕಳ್ಳನ ಹಾಗೆ ಕಾಯತೊಡಗಿದಳು. ಸೊಸೆ ಮನೀಷಾ ಹಿತ್ತಲಿಂದ ಓಡಿಬಂದು, "ಅತ್ತಿ, ನಾಕು ಸೀಟಿ ಆದ್ವು ಕುಕರ್‌ದು, ನೀವು ಬಾಜೂಕs ಕುಂತೀರಿ" ಎಂದಾಗ, "ಧ್ಯಾಸ ಇರಲಿಲ್ಲವ್ವ" ಎಂದಳು. ಧ್ಯಾಸ ಇತ್ತು. ಸೀಟಿ ಇರಲಿಲ್ಲ. ಮನೀಷಾ ಬೆನ್ನು ತಿರುಗಿಸಿ ಮಾತಾಡಿದರೆ ಅರ್ಧ ಮಾತು ಗೋಡೆಗೆ ಹೋಗುತ್ತಿತ್ತು. ಮುಖ ಕಾಣುವ ಹಾಗೆ ಕೂರುವುದನ್ನು ಕಲಿತಳು. ಎಲ್ಲರೂ ನಕ್ಕಾಗ ತಾನೂ ನಕ್ಕಳು. ಹಾಗೆ ನಕ್ಕ ದಿನ ಆಕೆಗೆ ಗೊತ್ತಾಯಿತು, ಆ ನಗೆ ತನ್ನದಲ್ಲ, ತನ್ನ ತಾಯಿಯದು.

ತಾಯಿ ಇದ್ದದ್ದು ಹೋಟಗಿಯಲ್ಲಿ. ರೈಲು ಹಳಿಗೆ ಹತ್ತಿದ ಹೊಲ. ಐವತ್ತು ದಾಟುವಷ್ಟರಲ್ಲಿ ಆಕೆಗೆ ಕಿವಿ ಹೋಗಿತ್ತು. ಮೊದಮೊದಲು ಜನ ಕೂಗಿ ಹೇಳಿದರು, ಆಮೇಲೆ ಕೈಸನ್ನೆ ಮಾಡಿದರು, ಕಡೆಗೆ ಏನನ್ನೂ ಹೇಳುವುದನ್ನೇ ಬಿಟ್ಟರು. ಯಾರೂ ಕೆಟ್ಟವರಲ್ಲ. ತಟ್ಟೆಗೆ ರೊಟ್ಟಿ ಬೀಳುತ್ತಿತ್ತು. ಆದರೆ ಮನೆಯಲ್ಲಿ ಮದುವೆಯ ಮಾತು ನಡೆದರೂ ಆಕೆಗೆ ತಿಳಿಯುತ್ತಿದ್ದುದು ಹಂದರ ಹಾಕಿದ ಮೇಲೆ. ಎಲ್ಲರ ಬಾಯಿ ನೋಡುತ್ತ ಕೂತು, ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುತ್ತಿದ್ದಳು. ಆ ತಡವಾದ ನಗೆಯನ್ನು ಪಾರ್ವತಿಬಾಯಿ ಹುಡುಗಿಯಾಗಿದ್ದಾಗ ನೋಡಿದ್ದಳು, ಮರೆತಿರಲಿಲ್ಲ.

ಆದ್ದರಿಂದ ಯಾರಿಗೂ ಹೇಳಲಿಲ್ಲ. ಮಂಡಳದಲ್ಲಿ ಆಕೆಗೆ ಇದ್ದ ಜಾಗ ಕಿವಿಯ ಜಾಗ. ಕಿವಿ ಹೋಯಿತೆಂದರೆ ಪೇಟಿಯ ಹಿಂದೆ ಕೂರಿಸುವವರು ಯಾರು?

ಪೇಟಿಯ ಹಿಂದೆ ಆಕೆ ಒಬ್ಬಳೇ ಕೂತವಳೂ ಅಲ್ಲ. ಗಂಡ ಶಿವಶರಣಪ್ಪನಿಗೆ ಹಾಡೆಂದರೆ ಒಂದೇ, ಬೈಗುಳವೆಂದರೆ ಒಂದೇ, ರಾಗ ಹತ್ತಿರ ಸುಳಿದ ಮನುಷ್ಯನಲ್ಲ. ಆದರೆ ಹೆಂಡತಿ ಎರಡೂ ಕೈಯಲ್ಲಿ ನುಡಿಸಲೆಂದು ಎದುರಿಗೆ ಕೂತು ಭಾತೆ ಒತ್ತುತ್ತಿದ್ದ. ಗಾಳಿ ಹಾಕುವ ಆ ಹಿಂದಿನ ಹಲಗೆಗೆ ಭಾತೆ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಒತ್ತಿದ. ಹಾಡಿನ ನಡುವೆ ಉಸಿರು ಎಲ್ಲಿ ಬೇಕೆಂದು ಅವನಿಗೆ ಹೇಳಬೇಕಾಗುತ್ತಿರಲಿಲ್ಲ. ಅವನು ಹೋದ ಮೇಲೆ ಆಕೆ ಎಡಗೈಯಿಂದ ತಾನೇ ಒತ್ತಿಕೊಂಡಳು. ಈಗ ಎಡ ಭುಜ ಹಿಡಿದುಕೊಂಡಿತ್ತು, ಭಾತೆಯ ಚರ್ಮವನ್ನು ಇಲಿ ತಿಂದಿತ್ತು, ಅಕ್ಕಲಕೋಟೆಯಲ್ಲಿ ಅದನ್ನು ಹೊಲಿಯುತ್ತಿದ್ದ ಮುದುಕ ಕೆಲಸ ನಿಲ್ಲಿಸಿದ್ದ. ಹೀಗೆ ಮಂಡಳದ ಹೆಂಗಸರು ಕೂಡಿ, ಕರೆಂಟಿನ ಪೇಟಿ ತರುವುದೆಂದು ಗೊತ್ತುಮಾಡಿದರು. ಕಡಿಮೆ ಬೆಲೆಯದು, ಆದರೆ ಆವಾಜು ಚಲೋ ಇರಬೇಕು. ಯಾರು ನೋಡಬೇಕು? ಕೇಳುವ ಮಾತೇ ಇಲ್ಲ. ಎಲ್ಲರೂ ಪಾರ್ವತಿಬಾಯಿಯ ಕಡೆ ತಿರುಗಿದರು. ಆಕೆ ಅವರ ತುಟಿಗಳನ್ನು ನೋಡುತ್ತ ಹೂಂ ಎಂದಳು.

ಹೊರಡುವ ಮುಂಜಾನೆ ಹಳೆಯ ಪೇಟಿ ಬಿಚ್ಚಿ, ಕರಿ ನಾಕರ ನಾಲಗೆಯನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕರಿ ನಾಕು ಎಂದರೆ ನಾಲ್ಕನೇ ಕರಿ ಮನೆ. ನಂದಾಳ ಗಂಟಲು ಕೂರುವುದು ಅಲ್ಲಿ. ಮಂಡಳದ ಎಲ್ಲ ಹಾಡೂ ಅಲ್ಲಿಂದಲೇ ಏಳುತ್ತವೆ. ಆ ಸ್ವರವನ್ನು ಬೆಳಿಗ್ಗೆ ಎದ್ದು ಯಾರೂ ನುಡಿಸದೆ ತಾನೇ ಗುನುಗಬಲ್ಲವಳು, ನಾಲಗೆಯನ್ನು ಯಾಕೆ ಕಟ್ಟಿಕೊಂಡಳು ಎಂಬುದನ್ನು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಬಸ್ಸು ಬರುವವರೆಗೆ ನಂದಾ ಬರ್ಫ ಹಾಕಿಸಿ ಎರಡು ಗ್ಲಾಸು ಕಬ್ಬಿನ ಹಾಲು ಕುಡಿದಳು. ಸೋಲಾಪುರಕ್ಕೆ ಹೋಗುವ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಏನೇನೋ ಹೇಳುತ್ತಿದ್ದಳು. ಪಾರ್ವತಿಬಾಯಿ ಹೂಂ ಹೂಂ ಎಂದಳು.

"ನಾ ಏನ ಕೇಳಿದೆ, ನೀ ಏನ ಹೂಂ ಅನ್ನಾಕತ್ತೀದಿ?" ನಂದಾ ತಿರುಗಿದಳು. "ಬಸ್ಸು ತಪ್ಪಿದ್ರ ರಾತ್ರಿ ಸ್ಟ್ಯಾಂಡಿನ್ಯಾಗ ಮಲಗೂನೇನ ಅಂದೆ. ಹೂಂ ಅಂತಿ."

"ಮಲಗೂನು, ಏನಾತು."

ನಂದಾ ನಕ್ಕಳು. ಪಾರ್ವತಿಬಾಯಿ ಈ ಸಲ ತಡಮಾಡದೆ ನಕ್ಕಳು. ಸೆರಗಿನ ಗಂಟು ಮುಷ್ಟಿಯಲ್ಲಿತ್ತು.

ವಾದ್ಯಗಳ ದುಕಾನು ಸೋಲಾಪುರದ ಪೇಟೆಯ ನಡುವೆ, ರಿಕ್ಷಾಗಳ ಗದ್ದಲದ ಮಗ್ಗುಲಲ್ಲಿ. ಮಾಲೀಕ ಉದಯಕುಮಾರ ಮೂರು ತಲೆಮಾರಿನ ವ್ಯಾಪಾರಸ್ಥರ ಮನೆಯವನು. ಅರ್ಧ ಮರಾಠಿ ಅರ್ಧ ಕನ್ನಡ, ಮಾತಿಗೊಂದು ಮಾವಶಿ, ಕನ್ನಡದಲ್ಲಿ ಚಿಕ್ಕಮ್ಮ.

"ಬರ್ರಿ ಮಾವಶಿ, ಬಸಾ. ಕೋಣಾಸಾಠಿ, ಮೊಮ್ಮಗನ ಸಲುವಾಗೇನ್ರಿ?"

"ನಮ್ಮ ಸಲುವಾಗರಿ" ಎಂದಳು ನಂದಾ. "ಯಾಕ, ನಾವು ಬಾರಸಬಾರದೇನ?"

ಅವನು ನಾಲಗೆ ಕಚ್ಚಿಕೊಂಡು, ಕಡಿಮೆ ಬೆಲೆಯ ಎರಡು ಕೀಬೋರ್ಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟ. ಒಂದು ಸಣ್ಣದು, ಒಂದು ಉದ್ದನೆಯದು. ಉದ್ದನೆಯದಕ್ಕೆ ಮುಂಜಾನೆಯಿಂದಲೇ ಕರೆಂಟು ಹಚ್ಚಿತ್ತು. ಅವನು ಒಂದು ಬಟನು ಒತ್ತಿದರೆ ಢೋಲಕ್ ಬಾರಿಸಿತು, ಇನ್ನೊಂದು ಒತ್ತಿದರೆ ನಾಯಿ ಬೊಗಳಿತು. "ಭಜನಿಗಿ ನಾಯಿ ಬ್ಯಾಡ್ರಿ, ಊರಾಗಿನವು ಸಾಕು" ಎಂದಳು ನಂದಾ. ಪೇಟಿಯ ಆವಾಜಿಗೆ ಇಟ್ಟುಕೊಡಿ ಎಂದಳು ಪಾರ್ವತಿಬಾಯಿ.

ಮೊದಲು ಬೆರಳಿನ ಕೆಲಸ. ಅದಕ್ಕೆ ಆಕೆಗೆ ಅಂಜಿಕೆ ಇರಲಿಲ್ಲ. ಸಣ್ಣದರ ಮನೆಗಳು ಇಕ್ಕಟ್ಟು, ಹೊಲದ ಕೆಲಸ ಮಾಡಿದ ಬೆರಳು ಒಂದನ್ನು ಒತ್ತಿದರೆ ಪಕ್ಕದ್ದೂ ನುಡಿಯುತ್ತಿತ್ತು. ಮನೆಯನ್ನು ಬೆರಳಲ್ಲಿ ಹಿಡಿದು ಅಡ್ಡಲಾಗಿ ಅಲುಗಿಸಿದಳು, ಸಡಿಲು ಹಲ್ಲಿನ ಹಾಗೆ ಆಡಿತು. ಮೆಲ್ಲಗೆ ಒತ್ತಿದಳು, ಜೋರಾಗಿ ಒತ್ತಿದಳು. ಎರಡಕ್ಕೂ ಒಂದೇ ಆವಾಜು.

"ಇದಕ್ಕ ಸಿಟ್ಟೂ ಇಲ್ಲ, ಮಾಯಾನೂ ಇಲ್ಲ" ಎಂದು ಬದಿಗೆ ಸರಿಸಿದಳು.

ಉದ್ದನೆಯದರಲ್ಲಿ ಅರವತ್ತೊಂದು ಮನೆ. ಪ್ಲಾಸ್ಟಿಕ್ಕೇ, ಆದರೆ ಮನೆಗಳು ಅಗಲ. ಒತ್ತಿದರೆ ಹಿಟ್ಟು ನಾದುವಾಗ ಕೈಗೆ ಎದುರು ಬರುತ್ತದಲ್ಲ, ಅಷ್ಟು ಎದುರು ಬಂತು. ಬಿಟ್ಟರೆ ತಡಮಾಡದೆ ಮೇಲೆದ್ದಿತು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಿತು. ಮನೆಯು ತಳ ಮುಟ್ಟುವಾಗ ಟಕ್ ಎನ್ನುವ ಸದ್ದು ಬೆರಳಿಗೆ ತಿಳಿಯುತ್ತಿತ್ತು, ಅಷ್ಟು ಕುಂದು ಈ ಬೆಲೆಗೆ ಒಪ್ಪಬಹುದು. ಎಡಗೈ ತೊಡೆಯ ಮೇಲೆ ಸುಮ್ಮನಿತ್ತು. ಭಾತೆ ಇಲ್ಲದ ಪೇಟಿ. ಎದುರಿಗೆ ಯಾರೂ ಕೂರಬೇಕಾಗಿಲ್ಲ.

"ನಂದಾ, ಹಾಡು."

ಪಾರ್ವತಿಬಾಯಿ ಕರಿ ನಾಕರ ಮೇಲೆ ಬೆರಳಿಟ್ಟಳು. ಸ್ವರ ಎದ್ದಿತು. ನಂದಾ ಅದನ್ನು ಹಿಡಿದು ಹಾಡತೊಡಗಿದಳು.

ಪಾರ್ವತಿಬಾಯಿಯ ಬೆರಳು ಕರಿ ನಾಕರ ಮೇಲಿತ್ತು, ಕಣ್ಣು ಎರಡೆರಡು ಸಲ ಎಣಿಸಿ ನೋಡಿತು. ಒಂದು, ಎರಡು, ಸಂದು ಬಿಟ್ಟು ಮೂರು, ನಾಕು. ಆದರೆ ಕಿವಿಗೆ ಬಿದ್ದದ್ದು ಅದರ ಮಗ್ಗುಲ ಮನೆ, ಬಿಳಿ ಆರು. ಮಗ್ಗುಲಿಗೆ ಬೆರಳು ಸರಿಸಿದಳು, ಅದೂ ಒಂದು ಮನೆ ಮೇಲೆ ಕೇಳಿಸಿತು. ಎಲ್ಲ ಮನೆಗಳೂ ತಮ್ಮ ಜಾಗ ಬಿಟ್ಟು ಒಂದೊಂದು ಹೆಜ್ಜೆ ಮುಂದೆ ಹೋಗಿ ನಿಂತಿದ್ದವು. ಕಡೆಯ ಮನೆಗಳು ಮಂದವಾದದ್ದು ಒಂದು, ಇದು ಬೇರೆ. ನಡುವಿನ ಮನೆಯೇ, ನಲವತ್ತು ವರ್ಷ ಕೂತ ಮನೆಯೇ ಕಿವಿಯಲ್ಲಿ ಜರುಗಿತ್ತು. ಕಿವಿ ಹೋಗುವುದೆಂದರೆ ಹೀಗೋ? ಮೊದಲು ಮಂದ, ಆಮೇಲೆ ಸುಳ್ಳು?

ಅಷ್ಟರಲ್ಲಿ ನಂದಾಳ ದನಿ ಮೇಲಿನ ಷಡ್ಜದ ಹತ್ತಿರ ಹೋಗಿ ಸೀಳಿತು. ಅವಳು ನಿಲ್ಲಿಸಿ ಗಂಟಲು ತಿಕ್ಕಿಕೊಂಡಳು. "ಹಾಳ ಕಬ್ಬಿನ ಹಾಲು. ಬರ್ಫ ಹಾಕಿಸಬಾರದಿತ್ತು."

"ಕರಿ ನಾಕ ಏನ್ರಿ ನಿಮ್ಮದು?" ಉದಯಕುಮಾರ ಕೇಳಿದ.

"ಹೌದ್ರಿ. ದಿನಾ ಹಾಡೂದs. ಇವತ್ತ ಗಂಟಲಾ ಕೈ ಕೊಡ್ತು" ಎಂದಳು ನಂದಾ, ತಪ್ಪು ಮಾಡಿದವಳ ಹಾಗೆ.

"ಮಶೀನ ಬರೋಬರ ಅದರಿ. ಫ್ಯಾಕ್ಟರಿ ಟ್ಯೂನಿಂಗು. ಇಳಿಯಂಗಿಲ್ಲ, ಏರಂಗಿಲ್ಲ. ಪ್ಯಾಕ ಮಾಡ್ಲ್ಯಾ?"

ನಂದಾ ಪಾರ್ವತಿಬಾಯಿಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ಚಲೋ ಅದ ಎಂದರೆ ಕಟ್ಟಿಕೊಂಡು ಹೋಗುವುದು. ನಂದಾ ತನ್ನ ಗಂಟಲನ್ನು ಬೈದುಕೊಂಡು ಕಷಾಯ ಕುಡಿಯುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ಕಿವಿಯ ಜಾಗ ಇನ್ನೊಂದಿಷ್ಟು ದಿನ ಉಳಿಯುತ್ತದೆ. ಪಾರ್ವತಿಬಾಯಿಯ ಬೆರಳು ಸೆರಗಿನ ಗಂಟನ್ನು ಮುಟ್ಟಿತು. ನಾಲಗೆಯನ್ನು ಬಾಯಿಗಿಟ್ಟು ಊದಿದರೆ ತೀರಿತು, ನಿಜ ಗೊತ್ತಾಗುತ್ತದೆ. ಆಕೆಗೆ ಬೇಡವಾದದ್ದು ಅದೇ. ಹಿತ್ತಾಳೆ ಸುಳ್ಳಾಡುವುದಿಲ್ಲ. ಅದು ಈ ಮಶೀನಿನ ಕಡೆಗೇ ಸಾಕ್ಷಿ ಹೇಳಿಬಿಟ್ಟರೆ, ಇವತ್ತಿಗೆ, ಈ ದುಕಾನಿನಲ್ಲಿ, ನಂದಾಳ ಎದುರಿಗೆ ತನ್ನ ಕಿವಿ ಮುಗಿಯಿತು.

"ಏನಂತಿ ಅಕ್ಕ?"

ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

"ನನಗ ಇದು ಕರಿ ನಾಕು ಅಂತ ಕೇಳಂಗಿಲ್ಲ" ಎಂದಳು ಪಾರ್ವತಿಬಾಯಿ. "ತಪ್ಪು ನಂದs ಇರಬಹುದು. ನೀ ಕೇಳು."

ಹಿತ್ತಾಳೆಯ ನಾಲಗೆಯನ್ನು ತುಟಿಗಿಟ್ಟು ಊದಿದಳು. ಮೊದಲ ಸಲ ಬರೀ ಗಾಳಿ. ಎರಡನೇ ಸಲ ಹಳೆಯ ಪೇಟಿಯ ದನಿ ದುಕಾನಿನೊಳಗೆ ಎದ್ದಿತು. ಉಸಿರು ಬಿಡದೆ ಬಲಗೈಯಿಂದ ಮಶೀನಿನ ಕರಿ ನಾಕು ಒತ್ತಿದಳು. ಎರಡು ಸ್ವರಗಳು ಒಂದಕ್ಕೊಂದು ಹಲ್ಲು ಕಡಿದವು. ಹೊರಗೆ ರಿಕ್ಷಾದವನೊಬ್ಬ ಒಳಗೆ ಇಣುಕಿ ನೋಡಿದ. ಆಕೆ ಬೆರಳನ್ನು ಒಂದು ಮನೆ ಕೆಳಗಿಳಿಸಿದಳು. ಎರಡೂ ಕೂಡಿ ಒಂದಾದವು.

"ಅಯ್ಯ" ಎಂದಳು ನಂದಾ ಮೆಲ್ಲಗೆ. "ಅಂದ್ರ ನನ್ನ ಗಂಟಲಾ ನೆಟ್ಟಗಿತ್ತು."

ಉದಯಕುಮಾರ ಹುಬ್ಬು ಗಂಟುಹಾಕಿ ಮಶೀನಿನ ಮೇಲೆ ಬಗ್ಗಿದ. ಒಂದು ಬಟನು ಒತ್ತಿದ, ಸಣ್ಣ ಗಾಜಿನಲ್ಲಿ ಒಂದು ಅಂಕಿ ಮೂಡಿತು. ಅವನ ಮುಖ ಸಣ್ಣದಾಯಿತು. "ಮಾಫ ಕರಾ ಮಾವಶಿ. ಟ್ರಾನ್ಸ್‌ಪೋಜ ಒಂದರ ಮ್ಯಾಲ ಅದ. ಮುಂಜಾನಿ ಒಬ್ಬ ಆರ್ಕೆಸ್ಟ್ರಾದಾಂವ ಬಂದು ಒತ್ತಿ ನೋಡಿ ಹೋದ, ನಾ ಬಂದ್ ಮಾಡಿ ಚಾಲೂ ಮಾಡಲೇ ಇಲ್ಲ." ನಂದಾಳಿಗೆ ತಿಳಿಯುವ ಹಾಗೆ ಹೇಳಿದ: ಈ ಬಟನು ಒತ್ತಿದರೆ ಎಲ್ಲ ಮನೆಗಳೂ ಒಂದೊಂದು ಸ್ವರ ಮೇಲೇರುತ್ತವೆ. ಮನೆ ಅಲ್ಲೇ ಇರುತ್ತದೆ, ಒಳಗಿನ ಸ್ವರ ಬೇರೆ.

"ಅಂದ್ರ ಕರಿ ನಾಕು ಕರಿ ನಾಕು ಇರಂಗೇ ಇಲ್ಲ?"

"ಒತ್ತಿದ್ರ ಇರಂಗಿಲ್ಲರಿ."

"ಎಂಥಾ ಪೇಟಿನೋ ಏನೋ" ಎಂದಳು ನಂದಾ. "ಹೆಸರಿಗೂ ಇಮಾನ ಇಲ್ಲ."

ಅವನು ಅಂಕಿಯನ್ನು ಸೊನ್ನೆಗೆ ತಂದ. ಕರಿ ನಾಕು ತನ್ನ ಮನೆಗೆ ಬಂತು. ಪಾರ್ವತಿಬಾಯಿ ಎಡಗಡೆಯಿಂದ ಕಡೆಯವರೆಗೆ ಒಂದೊಂದೇ ಮನೆ ಒತ್ತಿ ನೋಡಿದಳು. ನಂದಾ ಮೇಲಿನ ಷಡ್ಜಕ್ಕೆ ಏರಿ, ಅಲ್ಲಿ ನಿಂತು, ಬೇಕೆಂದೇ ಎರಡು ಸುತ್ತು ಹೆಚ್ಚಿಗೆ ಹಾಕಿ ಇಳಿದಳು. ಉದಯಕುಮಾರ ಪಾರ್ವತಿಬಾಯಿಗೆ ಕೈ ಮುಗಿದ. "ಇಪ್ಪತ್ತ ವರ್ಷ ಆತರಿ ದುಕಾನದಾಗ ಕುಂತು. ಹಿಂತಾ ಕಿವಿ ನೋಡಿಲ್ಲ." ನಂದಾ, "ಮತ್ತ ಏನ ತಿಳದೀರಿ ನಮ್ಮ ಅಕ್ಕನ್ನ" ಎಂದು ತಾನೇ ಊದಿದವಳ ಹಾಗೆ ಬೀಗಿದಳು. ಅವನು ಡಬ್ಬಿ ತಂದು ಟೇಪು ಹಚ್ಚತೊಡಗಿದ.

ಪಾರ್ವತಿಬಾಯಿಗೆ ಸಮಾಧಾನವಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ನಡುವಿನ ಮನೆ ಸುಳ್ಳಾಗಿರಲಿಲ್ಲ. ಆದರೆ ಹೊಗಳಿಕೆ ಮುಗಿಯುವುದರೊಳಗೆ ಹಳೆಯ ಅಂಜಿಕೆ ಎದ್ದು ಕೂತಿತು, ಮೊದಲಿಗಿಂತ ಭಾರವಾಗಿ. ಅರವತ್ತೊಂದು ಮನೆಗಳಲ್ಲಿ ಆಕೆ ಐವತ್ತೊಂದನ್ನು ಕೇಳಿದ್ದಳು. ಬಲಗಡೆಯ ಹತ್ತನ್ನು ಒತ್ತಿದ್ದಳು, ಬೆರಳಿಗೆ ಟಕ್ ಎಂದಿತ್ತು, ಅಷ್ಟೇ. ಕೇಳದ ಮನೆಯನ್ನು ಕೇಳಿದೆನೆಂದು ಆಕೆ ಯಾವತ್ತೂ ಹೇಳಿದವಳಲ್ಲ. ಈಗ ಬಾಯಿ ಮುಚ್ಚಿದ್ದರೆ ಹೇಳಿದ ಹಾಗೆಯೇ.

"ಬಿಚ್ಚರಿ" ಎಂದಳು.

"ಕಾಯ್ ಝಾಲಂ, ಏನಾತ್ರಿ ಮಾವಶಿ?"

"ಬಿಚ್ಚರಿ. ಇನ್ನೂ ಹತ್ತು ಮನಿ ಉಳದಾವ." ಆಮೇಲೆ ನಂದಾಳ ಕಡೆ ತಿರುಗಿದಳು. ಮುಖ ನೋಡಲಾಗದೆ ಅವಳ ಬಳೆಗಳನ್ನು ನೋಡುತ್ತ ಹೇಳಿದಳು. "ಕಡೀ ಹತ್ತು ನೀ ಕೇಳಬೇಕು. ನನಗ ಕೇಳಂಗಿಲ್ಲ. ಶ್ರಾವಣದಿಂದ ಮ್ಯಾಲಿನ ಮನಿ ಕೇಳವಲ್ವು."

ನಂದಾ ಬಾಯಿಗೆ ಬಂದ ಕುಹಕವನ್ನು ಅರ್ಧಕ್ಕೇ ನುಂಗಿದ್ದು ಆಕೆಗೆ ಕಂಡಿತು.

"ಅದಕ್ಕs ಬಸ್ಸಿನ್ಯಾಗ ಹೂಂ ಅಂದಿ" ಎಂದಳು ನಂದಾ.

"ಅದಕ್ಕs."

"ನನಗ ಏನ ತಿಳೀತದಕ್ಕ ಪೇಟಿ? ಹಾಡೂದು ಬಿಟ್ರ ನನಗೇನ ಬರ್ತದ? ನಾ ತಪ್ಪ ಹೇಳಿದ್ರ?"

"ನಾನೂ ಅಂಜಿಕೋತs ಹೇಳೀನಿ ಈಗ. ಕೇಳು. ಅವಸರ ಮಾಡಬ್ಯಾಡ. ಒಂದು ಮನಿ ದನಿ ಪೂರಾ ಆರೂತನಾ ಕೇಳಿ ಮುಂದಿಂದು."

ಪಾರ್ವತಿಬಾಯಿ ಒತ್ತುತ್ತ ಹೋದಳು. ನಂದಾ ಕಣ್ಣು ಮುಚ್ಚಿ ಮಶೀನಿನ ಹತ್ತಿರ ಕಿವಿಯಿಟ್ಟಳು. ಒಂದಾಯಿತು, ಎರಡಾಯಿತು. ಆರನೆಯದರಲ್ಲಿ ಕಣ್ಣು ತೆರೆದಳು. "ಮತ್ತೊಮ್ಮಿ ಒತ್ತು." ಒತ್ತಿದಳು. "ಬೆರಳ ಬಿಟ್ಟ ಮ್ಯಾಲ ಏನೋ ಉಳೀತದ. ಕಿವ್ಯಾಗ ಗುಂಗಾಡ ಅಂದಂಗ. ಗುಂಯ್ ಅಂತದ. ನನ್ನ ಭ್ರಮಾನೋ ಏನೋ."

"ಭ್ರಮಾ ಅನಬ್ಯಾಡ. ಅದನೋ ಇಲ್ಲೋ, ಅಷ್ಟ ಹೇಳು."

ನಂದಾ ಮೂರು ಸಲ ಒತ್ತಿಸಿ ಕೇಳಿದಳು. "ಅದ."

ಉದಯಕುಮಾರ ತಾನೂ ಕಿವಿಯಿಟ್ಟ, ಸ್ಪೀಕರಿನ ಜಾಳಿಗೆಯನ್ನು ಒತ್ತಿ ಹಿಡಿದು ನೋಡಿದ. "ಅದರಿ" ಎಂದ. ಒಳಗಿನಿಂದ ಅದೇ ಜಾತಿಯ ಇನ್ನೊಂದು ಡಬ್ಬಿ ತಂದ. ಮತ್ತೆ ಮೊದಲ ಮನೆಯಿಂದ ಶುರುವಾಯಿತು. ಐವತ್ತೊಂದು ಪಾರ್ವತಿಬಾಯಿ, ಹತ್ತು ನಂದಾ. ಹೊರಗೆ ಬಂದಾಗ ಇಳಿಹೊತ್ತಾಗಿತ್ತು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತರು. ನಂದಾ ಈ ಸಲ ಕಿಟಕಿಯ ಕಡೆ ಮುಖ ಮಾಡಲಿಲ್ಲ. ಪಾರ್ವತಿಬಾಯಿಯ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ದೊಡ್ಡದಾಗಿ ಮಾತಾಡತೊಡಗಿದಳು.

"ಹಂಗ ಒದರಬ್ಯಾಡ" ಎಂದಳು ಪಾರ್ವತಿಬಾಯಿ. "ಇನ್ನೂ ಅಷ್ಟ ಆಗಿಲ್ಲ."

"ಆತು" ಎಂದಳು ನಂದಾ. ಆದರೆ ಮುಂದಿನ ಮಾತೂ ತುಸು ಜೋರಾಗಿಯೇ ಬಂತು. ಹೋಟಗಿಯ ಮನೆಯಲ್ಲಿ ಜನ ಮೊದಮೊದಲು ಕೂಗಿ ಹೇಳುತ್ತಿದ್ದುದು ಪಾರ್ವತಿಬಾಯಿಗೆ ನೆನಪಾಯಿತು. ಆಕೆ ಡಬ್ಬಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಈಗ ಸೋಮವಾರದ ಭಜನೆಗೆ ಕರೆಂಟಿನ ಪೇಟಿ. ಪಾರ್ವತಿಬಾಯಿ ಅದರ ಹಿಂದೆಯೇ ಕೂರುತ್ತಾಳೆ, ನಂದಾ ಪಕ್ಕಕ್ಕೆ ನಿಲ್ಲುತ್ತಾಳೆ. ಮೊದಲ ದಿನವೇ ನಂದಾ ಹಣೆಯ ಟಿಕಲಿ ಕಿತ್ತು, ಪಾರ್ವತಿಬಾಯಿಗೆ ಚೆನ್ನಾಗಿ ಕೇಳುವ ಕಡೆಯ ಮನೆಯ ಮೇಲೆ ಅಂಟಿಸಿದಳು. "ಇಲ್ಲೀತನಾ ನಿಂದು, ಇದರಾಚೆ ನಂದು. ಗಡಿ ದಾಟಿದ್ರ ಜಗಳ." ಹೆಂಗಸರು ನಕ್ಕರು. ಪಾರ್ವತಿಬಾಯಿ ಯಾಕೆ ನಕ್ಕರೆಂದು ಕೇಳಿದಳು, ಕೇಳಿ ತಿಳಿದುಕೊಂಡು ಆಮೇಲೆ ನಕ್ಕಳು.

ಪ್ರತಿ ಸೋಮವಾರ ಯಾರೂ ಬರುವ ಮೊದಲು ಆಕೆ ಕೈ ತೊಳೆದು ಕೂತು, ಅಂಕಿ ಸೊನ್ನೆಯಲ್ಲಿದೆಯೇ ನೋಡಿ, ಎಡಗಡೆಯಿಂದ ಒಂದೊಂದೇ ಮನೆ ಒತ್ತುತ್ತ ಟಿಕಲಿಯವರೆಗೆ ಬರುತ್ತಾಳೆ. ಅಲ್ಲಿಗೆ ಬಂದಾಗ ಬೆರಳು ನಿಧಾನವಾಗುತ್ತದೆ. ಕರಿ ನಾಕಿಗೂ ಟಿಕಲಿಗೂ ನಡುವೆ ಮೊದಲು ಹದಿನೇಳು ಮನೆಗಳಿದ್ದವು. ಹೋದ ಸೋಮವಾರ ಟಿಕಲಿಯ ಮನೆಯನ್ನು ನಾಲ್ಕು ಸಲ ಒತ್ತಿದಳು, ಉಸಿರು ಹಿಡಿದು ಕೇಳಿದಳು. ಆಮೇಲೆ ಉಗುರಿನಿಂದ ಟಿಕಲಿಯನ್ನು ಎಬ್ಬಿಸಿ, ಒಂದು ಮನೆ ಎಡಕ್ಕೆ ಅಂಟಿಸಿ, ನಂದಾಳನ್ನು ಕೂಗಿ ಕರೆದಳು.

"ನಂದಾ, ಇನ್ನೊಂದು ಮನಿ ನಿನಗ ಬಂತು ನೋಡು. ಹದಿನಾರು ಉಳದಾವ."